ಡಕ್ಟಿನ ಬಾಯಿಗೆ ಹೊಡೆಸಿದ ತಗಡು

ನನ್ನ ಮೂಗು ಬಹಳ ಚುರುಕು. ಮೂವತ್ತು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದವಳು ನಾನು. ಹಿಂದಿನ ಸಾಲಿನಲ್ಲಿ ಯಾರು ಕದ್ದು ಬುತ್ತಿ ಬಿಚ್ಚಿದರೂ, ಕರಿಹಲಗೆಗೆ ಮುಖ ಮಾಡಿಕೊಂಡೇ "ಆ ಶೇಂಗಾ ಚಟ್ನಿ ಒಳಗಿಡು" ಎನ್ನುತ್ತಿದ್ದೆ. ಇಡೀ ವರ್ಗ ಗೊಳ್ಳೆಂದು ನಗುತ್ತಿತ್ತು. ಆ ಮೂಗಿನ ಮೇಲೆ ನನಗೆ ಜಂಬವೂ ಇತ್ತು. ಅದೇ ಮೂಗಿನ ಮಾತು ಕೇಳಿ, ಎಂಟು ವರ್ಷ ಕಾದು ಹುಟ್ಟಿದ ನನ್ನ ಮೊಮ್ಮಗಳ ಜೀವಕ್ಕೆ ನಾನೇ ಕುತ್ತು ತಂದೆ. ಹೋದ ಬೇಸಿಗೆಯ ಮಾತು ಇದು.

ಇಬ್ರಾಹಿಂಪುರದಲ್ಲಿ, ರೈಲು ಹಳಿಯಿಂದ ಸ್ವಲ್ಪ ಈಚೆ, ನಮ್ಮ ಮೂರಂತಸ್ತಿನ ಅಪಾರ್ಟ್‌ಮೆಂಟು ಇದೆ. ಅಪಾರ್ಟ್‌ಮೆಂಟು ಅಂದರೆ ಹೆಸರಷ್ಟೇ ದೊಡ್ಡದು. ಇರುವುದು ಆರು ಮನೆ. ನಾನು ಎಲ್ಲಕ್ಕಿಂತ ಮೇಲೆ. ನನ್ನ ತಲೆಯ ಮೇಲೆ ಗಚ್ಚು, ಗಚ್ಚಿನ ಮೇಲೆ ಸೂರ್ಯ. ನನ್ನ ಕೆಳಗಿನ ಮನೆಗೆ ಬೀಗ ಬಿದ್ದು ಎಷ್ಟೋ ವರ್ಷವಾಯಿತು. ಅದರ ಕೆಳಗೆ, ನೆಲಕ್ಕೆ ಹತ್ತಿದ ಮನೆಯಲ್ಲಿ, ಕೂಲರ್ ಮಾಡುವ ಭಾಯಿ ಮತ್ತು ಅವರ ಹೆಂಡತಿ. ಭಾಯಿಯ ತಗಡಿನ ಅಂಗಡಿ ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿದೆ. ತಗಡು ಕತ್ತರಿಸಿ, ಮಡಚಿ, ಹುಲ್ಲಿನ ಪ್ಯಾಡು ಕಟ್ಟಿ, ಪಂಪು ಕೂಡಿಸಿ ಅವರು ಕೊಟ್ಟ ಕೂಲರು ಹತ್ತು ಬೇಸಿಗೆ ಬಾಳುತ್ತದೆ ಎಂದು ಊರಿನವರ ಮಾತು.

ಈ ಮೂರು ಮನೆಗಳ ಬೆನ್ನಿಗೆ ಒಂದು ಡಕ್ಟ್ ಇದೆ. ನೆಲದಿಂದ ಗಚ್ಚಿನವರೆಗೆ ಬಾವಿಯ ಹಾಗೆ ನೆಟ್ಟಗೆ ಏರಿದ ಇಕ್ಕಟ್ಟಿನ ಖಾಲಿ ಜಾಗ. ಅಡುಗೆಮನೆ, ಬಚ್ಚಲು, ಒಳಗಿನ ಖೋಲಿ ಎಲ್ಲದರ ಸಣ್ಣ ಕಿಂಡಿಗಳೂ ಅದಕ್ಕೇ ತೆರೆದುಕೊಳ್ಳುತ್ತವೆ. ಕಟ್ಟಿಸಿದವರು ಅದನ್ನು ಯಾಕೆ ಬಿಟ್ಟಿದ್ದರೋ ನಾನೆಂದೂ ಕೇಳಿದವಳಲ್ಲ. ನನ್ನ ಪಾಲಿಗೆ ಅದು ಕೆಳಗಿನ ಮನೆಯ ವಾಸನೆ ಏರಿ ಬರುವ ಹಾದಿ. ಶುಕ್ರವಾರ ಬಂತೆಂದರೆ ಮಾಂಸ ಬೇಯುವ ವಾಸನೆ. ನಮ್ಮದೋ, ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ.

ಬಂದ ಹೊಸತರಲ್ಲಿ ಮೂಗು ಮುಚ್ಚಿಕೊಂಡು ಕಾಲ ಹಾಕಿದೆ. ಆಮೇಲೆ ಒಳಗಿನ ಖೋಲಿಯ ಕಿಂಡಿಗೆ ಇಟ್ಟಿಗೆ ಇಡಿಸಿ, ಗಿಲಾವು ಮಾಡಿಸಿ, ಗುರುತು ಕಾಣದಂತೆ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಐದು ವರ್ಷದ ಹಿಂದಿನ ಬೇಸಿಗೆಯಲ್ಲಿ ಗಚ್ಚಿನ ಮೇಲೆ ಸಂಡಿಗೆ, ಶಾವಿಗೆ ಒಣಹಾಕಿದ್ದೆ. ಡಕ್ಟಿನ ಬಾಯಿ ಅಲ್ಲೇ ಪಕ್ಕದಲ್ಲಿ. ಸಂಜೆ ತೆಗೆಯುವಾಗ ಮೂಸಿ ನೋಡಿದರೆ ಸಂಡಿಗೆಗೂ ಆ ವಾಸನೆ ಹತ್ತಿದೆ ಅನ್ನಿಸಿತು. ನಿಜಕ್ಕೂ ಹತ್ತಿತ್ತೋ ಇಲ್ಲವೋ ದೇವರೇ ಬಲ್ಲ. ನನ್ನ ತಲೆಗಂತೂ ಹತ್ತಿತು.

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗ ನಾನೇ. ಮೀಟಿಂಗ್ ಕರೆದೆ. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬಾಯಿ ಬರಲಿಲ್ಲ, ಮರ್ಯಾದೆ ಅಡ್ಡ ಬಂತು. ಡಕ್ಟಿನಲ್ಲಿ ಪಾರಿವಾಳ ಗೂಡು ಕಟ್ಟಿವೆ, ಹೊಲಸು ಬೀಳುತ್ತದೆ, ರೋಗ ಬರುತ್ತದೆ, ಬಾಯಿ ಮುಚ್ಚಿಸಬೇಕು ಎಂದೆ. ಸಾಲೆಯ ಅಕ್ಕಾರು ಹೇಳಿದರೆ ಎದುರು ಮಾತಾಡುವವರು ಯಾರು? ಎಲ್ಲರೂ ಹೂಂ ಅಂದರು. ಭಾಯಿಯಂತೂ, "ತಗಡ ನಮ್ಮ ಅಂಗಡ್ಯಾಗ ಐತ್ರಿ ಅಕ್ಕಾರ, ನಾನ ಹೊಡೀತೀನಿ ತಗೋರಿ" ಎಂದು ಮರುದಿನವೇ ದಪ್ಪ ತಗಡು ತಂದು, ಬೋಲ್ಟು ಬಿಗಿದು, ಅಂಚಿಗೆ ಸಿಮೆಂಟು ಮೆತ್ತಿ ಹೋದರು. ಆ ವರ್ಷ ಸಂಡಿಗೆ ಬಹಳ ಚೆನ್ನಾಗಿ ಆದವು.

ಅದಾದ ಮೇಲೆ ಮಧ್ಯಾಹ್ನದ ಹೊತ್ತು ಭಾಯಿಯ ಹೆಂಡತಿ ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು. ಕಾಯಿಪಲ್ಯ ಹೆಚ್ಚುವುದು, ಅಕ್ಕಿ ಆರಿಸುವುದು, ಎಲ್ಲ ಅಲ್ಲೇ. ನಾನು ಮೇಲೆ ಕೆಳಗೆ ಓಡಾಡುವಾಗಲೆಲ್ಲ ತಾಟು ಸರಿಸಿ ಹಾದಿ ಬಿಡುವರು. ಒಂದು ದಿನ ಪೇಟೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದೆ. ಹೊರಗೆ ಕೆಂಡದಂಥ ಬಿಸಿಲು. ನನ್ನನ್ನು ಕಂಡು ಅವರು ಎದ್ದು ನಿಂತರು. "ಮೆಟ್ಟಲಾ ಅಡ್ಡ್ಯಾಡಾಕ ಅದಾವು, ಕುಂಡ್ರಾಕಲ್ಲ" ಎಂದು ಅಂದೇಬಿಟ್ಟೆ. ಮರುದಿನದಿಂದ ಅವರು ಅಲ್ಲಿ ಕಾಣಲಿಲ್ಲ. ಒಂದು ಮಾತಿಗೆ ಶಿಸ್ತು ಬಂತು ನೋಡು ಎಂದು ಬೀಗಿದೆ.

ಇನ್ನು ಹೋದ ಬೇಸಿಗೆ. ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇನೆ. ಎರಡು ಸಲ ಬಸಿರು ನಿಂತದ್ದು ಕೈತಪ್ಪಿ, ಮೂರನೆಯದಕ್ಕೆ ತವರಿಗೆ ಬಂದು ಹೆತ್ತಳು. ಹೆಣ್ಣು ಕೂಸು, ಅಂಗೈ ಅಗಲದ ಮುಖ. ಬಾಣಂತನಕ್ಕೆಂದು ಟಿಕೋಟಾದಿಂದ ನನ್ನ ಅವ್ವ ಬಂದಳು. ಎಂಬತ್ತು ದಾಟಿದರೂ ಬೆನ್ನು ಬಾಗದ ಹೆಂಗಸು. ಓಣಿಯ ಅರ್ಧ ಮಕ್ಕಳಿಗೆ ಎರೆದು ಬೆಳೆಸಿದ ಕೈ ಅವಳದು. ಗಂಟು ಬಿಚ್ಚಿದರೆ ಬಜಿ ಬೇರು, ಅಳವಿ ಬೀಜ, ಹೊಗೆ ಹಾಕಲು ಲೋಬಾನ, ಇದ್ದಿಲು. ಬಂದವಳೇ ಖೋಲಿಗಳನ್ನೆಲ್ಲ ಸುತ್ತಿ ನೋಡಿ, "ಬಾಣಂತಿ ಒಳಗಿನ ಖೋಲ್ಯಾಗ ಇರಲಿ" ಎಂದು ತೀರ್ಪು ಕೊಟ್ಟಳು. ಪಡುವಣ ಕಿಡಕಿ ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿ, ಅದರ ಮೇಲೆ ಕೌದಿ ಇಳಿಬಿಟ್ಟಳು. ಫ್ಯಾನಿನ ಬಟನ್ನಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಮಗಳ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಹೊರಸಿನ ಕೆಳಗೆ ಕೆಂಡದ ಬುಟ್ಟಿ.

"ಯವ್ವಾ, ಇದು ಟಿಕೋಟಾ ಅಲ್ಲ, ಕಾಂಕ್ರೀಟ್ ಮನಿ. ಹೊರಗ ನೋಡು, ಬೆಂಕಿ ಸುರ್ಯಾಕತ್ತೈತಿ" ಎಂದು ನಾನು.

"ನಿನ್ನ ಹಡದಾಗೂ ಬ್ಯಾಸಗೀನ ಇತ್ತ. ನೀ ಏನ್ ಸತ್ತ್ಯಾ? ಬಾಣಂತಿಗೆ ಗಾಳಿ ಸೋಕಬಾರದು. ಸಾಲಿ ಕಲಿಸಿದಾಕಿ ನನಗ ಕಲಿಸಾಕ ಬರಬ್ಯಾಡ" ಎಂದು ಅವ್ವ.

ನಡುವೆ ಮಗಳು, ಬೆವರಿನಲ್ಲಿ ತೊಯ್ದು, "ನಾ ಹಡದೇನಿ ಅಂತ ಈ ಶಿಕ್ಷಾ ಏನವ್ವಾ?" ಎಂದು ಅರ್ಧ ನಗು, ಅರ್ಧ ಅಳು.

ನಾನು ಜಗಳಾಡಿದ್ದು ಅಷ್ಟೇ, ಗೆಲ್ಲಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಾಣಂತನವನ್ನೂ ಅವ್ವ ಟಿಕೋಟಾದಲ್ಲಿ ಹೀಗೆಯೇ ಮುಚ್ಚಿದ ಖೋಲಿಯಲ್ಲಿ ಮಾಡಿದ್ದಳು. ಅದೂ ಬೇಸಿಗೆಯೇ. ನನಗೆ ಸೆಕೆಯ ನೆನಪೇ ಇಲ್ಲ. ಅಳವಿ ಪಾಯಸದ ನೆನಪಿದೆ, ಸುಖವಾದ ನಿದ್ದೆಯ ನೆನಪಿದೆ. ಅವ್ವ ಹೇಳುವುದು ಸರಿಯೇ ಇರಬೇಕು, ನಮ್ಮ ಮೈಗಳೇ ಈಗ ನಾಜೂಕಾಗಿವೆ ಎಂದುಕೊಂಡೆ.

ಹನ್ನೆರಡನೆಯ ದಿನ ಕೂಸು ಮೊಲೆ ಬಿಟ್ಟಿತು. ಮೈತುಂಬ ಕೆಂಪು ಗುಳ್ಳೆ. ಎತ್ತಿಕೊಂಡರೆ ಬಿಸಿ ರೊಟ್ಟಿ ಹಿಡಿದಂತೆ. ಅಳಬೇಕಲ್ಲ, ಅಳಲಿಲ್ಲ, ಕತ್ತು ವಾಲಿಸಿ ಸುಮ್ಮನಾಯಿತು. ಮಗಳು ಕಿರುಚಿದಳು. ಆಟೋದಲ್ಲಿ ದವಾಖಾನೆಗೆ ಓಡಿದೆವು. ಡಾಕ್ಟರಮ್ಮ ತಂಪಾದ ಖೋಲಿಯಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಎರಡು ತಾಸು ಇಟ್ಟುಕೊಂಡು ನೋಡಿದರು. ಕೂಸು ಕಣ್ಣು ತೆರೆಯಿತು, ನಾಲ್ಕು ಗುಟುಕು ಹಾಲೂ ಕುಡಿಯಿತು.

"ಇದು ರೋಗದ ಜ್ವರ ಅಲ್ರಿ. ಖೋಲಿ ಕಾವು. ಇಷ್ಟ ಸಣ್ಣ ಕೂಸು ತಡಕೊಳ್ಳೂದಿಲ್ಲ. ಇವತ್ತ ಖೋಲಿ ತಂಪ ಮಾಡ್ರಿ, ಘಳಿಗಿಗೊಮ್ಮೆ ಹಾಲ ಕುಡಸ್ರಿ, ನಾಳೆ ಮುಂಜಾನೆ ಕರಕೊಂಡ ಬರ್ರಿ. ಮತ್ತ ಹಿಂಗ ಸಪ್ಪಗಾತು ಅಂದ್ರ ಒಂದ ನಿಮಿಷ ತಡಾ ಮಾಡಬ್ಯಾಡ್ರಿ. ಜೀವಕ್ಕ ಬರ್ತೈತಿ" ಎಂದರು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಳಿಯ ಬಬಲೇಶ್ವರದಿಂದ ಫೋನಿನಲ್ಲಿ, "ಏಸಿ ಹಚ್ಚಿಸಿಬಿಡ್ರಿ ಅತ್ತಿ" ಎಂದ. ಹಚ್ಚಿಸಬಹುದು, ಯಾರು ಬೇಡ ಅಂದರು? ನಮ್ಮ ಅಪಾರ್ಟ್‌ಮೆಂಟಿನ ಹಳೆ ವೈರಿಂಗು ಏಸಿ ತಾಳುವುದಿಲ್ಲ. ಹೊಸ ಲೈನು ಎಳೆಯಲು ವಾರ ಬೇಕು ಎಂದು ಇಲೆಕ್ಟ್ರಿಷಿಯನ್ ಕೈ ಎತ್ತಿದ. ಕೂಸಿಗೆ ವಾರ ಎಲ್ಲಿದೆ? ಮೆಟ್ಟಿಲು ಇಳಿದು ಭಾಯಿಯ ಬಾಗಿಲು ಬಡಿದೆ. ಒಂದೇ ಮಾತಿಗೆ ಅವರು ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದರು. ತಮ್ಮ ಮನೆಯ ಕೂಲರನ್ನೇ ಎತ್ತಿಕೊಂಡು, ಏದುಸಿರು ಬಿಡುತ್ತಾ ಮೂರನೆಯ ಅಂತಸ್ತಿಗೆ ತಂದಿಟ್ಟರು.

ಕೂಲರು ಹಚ್ಚಿ ಅರ್ಧ ತಾಸಾಗಿರಲಿಲ್ಲ, ಖೋಲಿಯೆಲ್ಲ ಹಸಿಯಾಗಿ, ಗೋಡೆ ಮುಟ್ಟಿದರೆ ಅಂಟುತ್ತಿತ್ತು. ಮೊದಲಿನ ಕಾವು ಒಣ ಕಾವು, ಈಗ ಆವಿಯ ಕಾವು. ಪಡುವಣ ಕಿಡಕಿ ತೆರೆಯೋಣವೆಂದರೆ ಅಲ್ಲಿ ಇಳಿಬಿಸಿಲಿನ ಝಳ. ಭಾಯಿ ಬಾಗಿಲಲ್ಲಿ ನಿಂತು ತಲೆ ಆಡಿಸಿದರು.

"ಕೂಲರ್‌ಗೆ ಗಾಳಿ ಬರೂ ದಾರೀನೂ ಬೇಕ್ರಿ, ಹೋಗೂ ದಾರೀನೂ ಬೇಕ್ರಿ ಅಕ್ಕಾರ. ಮುಚ್ಚಿದ ಖೋಲ್ಯಾಗ ಹಚ್ಚಿದ್ರ ಒಳಗಿದ್ದವರು ಇಡ್ಲಿ ಬೆಂದಂಗ ಬೇಯ್ತಾರ."

ಈಗ ಅವ್ವ ಅವರ ಮೇಲೆ ಹರಿಹಾಯುತ್ತಾಳೆ ಎಂದು ನಾನು ಸೆರಗು ಬಿಗಿದು ನಿಂತೆ. ಅವ್ವ ಹಾಗೇನೂ ಮಾಡಲಿಲ್ಲ. ಬೆಳಗಿನಿಂದ ಅವಳೂ ಹೆದರಿದ್ದಳು. ಮೇಲೆ ಕೆಳಗೆ ನೋಡಿ, "ಹೌದ್ ನೋಡ ತಮ್ಮಾ" ಎಂದಳು. "ನಮ್ಮ ಮಣ್ಣಿನ ಮಾಳಿಗ್ಯಾಗ ಬಾಗಲಾ ಮುಚ್ಚತಿದ್ವಿ, ಕಿಡಕಿ ಮುಚ್ಚತಿದ್ವಿ. ಆದ್ರ ಮ್ಯಾಲಿನ ಬೆಳಕಿಂಡಿ ಒಂದ ದಿನಾ ಮುಚ್ಚಿಲ್ಲ. ಮಳಿ ಬಂದ್ರ ಅಷ್ಟ ಗಡಗಿ ಬೋರಲ ಹಾಕತಿದ್ವಿ. ಕಾವೆಲ್ಲಾ ಅಲ್ಲಿಂದ ಹೋಗೂದು. ಈ ಖೋಲಿಗೆ ಮ್ಯಾಲ ಕಿಂಡೀನ ಇಲ್ಲೇನು? ಎಂಥಾ ಗೌಂಡಿ ಕಟ್ಯಾನ ಇದನ್ನ?"

ನನ್ನ ಕಣ್ಣು ತಾನಾಗಿ ಕ್ಯಾಲೆಂಡರಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನದು. ಅವ್ವನ ಕಣ್ಣು ನನ್ನ ಕಣ್ಣಿನ ಹಿಂದೆಯೇ ಬಂತು.

"ಐತಿ" ಎಂದೆ. "ನಾನ ಮುಚ್ಚಸೇನಿ."

"ಯಾಕ?"

ಭಾಯಿ ಎದುರಿಗೇ ನಿಂತಿದ್ದರು. "ಪಾರಿವಾಳ" ಎಂದೆ. ಅಂಥ ಹೊತ್ತಿನಲ್ಲೂ, ಕೂಸು ಅಲ್ಲಿ ಬೇಯುತ್ತಿರುವಾಗಲೂ, ನನ್ನ ನಾಲಿಗೆ ಸುಳ್ಳು ಹೇಳಿತು. ನಾಚಿಕೆ ಅನ್ನುವುದು ನನಗೆ ಆಗಲೂ ಬರಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಭಾಯಿ ಕೆಳಗೆ ಹೋಗಿ ಉಳಿ, ಸುತ್ತಿಗೆ ತಂದರು. ತಾಯಿ, ಕೂಸನ್ನು ಹೊರಗಿನ ಪಡಸಾಲೆಗೆ ಕಳಿಸಿ, ಕ್ಯಾಲೆಂಡರ್ ತೆಗೆದು, ಗಿಲಾವು ಕೆರೆದು, ಒಂದೊಂದೇ ಇಟ್ಟಿಗೆ ಬಿಡಿಸಿದರು. ಕೊನೆಯ ಇಟ್ಟಿಗೆ ಬಂದಾಗ ತಂಪು ಬರುತ್ತದೆ ಎಂದು ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಬಂದದ್ದು ಬಿಸಿ ಉಸಿರು. ಎಷ್ಟೋ ದಿನದ ಎಣ್ಣೆ ಕಮಟು, ಒಲೆಯ ಕಾವು, ಬಚ್ಚಲ ಹಬೆ, ಎಲ್ಲ ಸೇರಿ ಮುಖಕ್ಕೆ ಹೊಡೆಯಿತು. ಮಗಳು ಮುಖ ತಿರುಗಿಸಿದಳು. ನಾನು ಮಾತ್ರ ತಿರುಗಿಸುವ ಹಾಗಿರಲಿಲ್ಲ.

"ಮ್ಯಾಲ ತಗಡ ಐತಲ್ರಿ" ಎಂದರು ಭಾಯಿ.

ಇಬ್ಬರೂ ಗಚ್ಚಿಗೆ ಹೋದೆವು. ಚಪ್ಪಲಿ ಹಾಕಿಕೊಂಡರೂ ಕಾಲು ಸುಡುತ್ತಿತ್ತು. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಭಾಯಿ ಪಾನಾ ಹಾಕಿ ತಿರುಗಿಸುತ್ತಾ, ಬೆವರು ಒರೆಸಿಕೊಳ್ಳುತ್ತಾ ಕುಕ್ಕರುಗಾಲಲ್ಲಿ ಕೂತಿದ್ದರು. ಅರವತ್ತು ದಾಟಿದ ಮನುಷ್ಯ, ಊಟ ಬಿಟ್ಟು ಎದ್ದು ಬಂದವರು. ನನಗೆ ತಡೆಯಲಾಗಲಿಲ್ಲ.

"ಭಾಯಿ, ಪಾರಿವಾಳ ಇರಲಿಲ್ಲ."

ಅವರು ತಲೆ ಎತ್ತಲಿಲ್ಲ. "ಗೊತ್ತೈತ್ರಿ. ತಗಡ ಹೊಡೆಯೂ ಮುಂದ ಬಗ್ಗಿ ನೋಡಿದ್ನಿ. ಒಂದ ಪುಕ್ಕಾ ಸೈತ ಇರಲಿಲ್ಲ."

"ಮತ್ತ ಯಾಕ ಹೊಡದ್ರಿ?"

"ನಮ್ಮ ಮಗಳಿಗೆ ಅಕ್ಷರಾ ಕಲಿಸಿದವರು ನೀವು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ ನೋಡ್ರಿ" ಎಂದರು. "ಆ ಮೂಲಿ ಹಿಡೀರಿ, ಎತ್ತೂಣು."

ಇಬ್ಬರೂ ಸೇರಿ ತಗಡು ಎತ್ತಿದೆವು. ಒಳಗಿದ್ದ ಕಾವು ಭಗ್ಗನೆ ಮೇಲೆದ್ದು ನನ್ನ ಕೂದಲೆಲ್ಲ ಹಾರಿಸಿತು. ಎರಡು ನಿಮಿಷವಾಗಿರಬೇಕು, ಡಕ್ಟಿನ ತಳದಿಂದ ಹೆಣ್ಣು ದನಿ ಕೇಳಿಸಿತು: "ಅಯ್ಯ! ಗಾಳಿ ಬಂತಲ್ರೀ! ಏನ್ ಮಾಡಿದ್ರಿ ಮ್ಯಾಲ?" ಅದು ಭಾಯಿಯ ಹೆಂಡತಿಯ ದನಿ. ಇಷ್ಟು ವರ್ಷದಲ್ಲಿ ಆ ದನಿ ಅಷ್ಟು ಖುಷಿಯಾಗಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲಿನ ಕೆಲಸವನ್ನು ಭಾಯಿ ಮತ್ತು ಅವ್ವ ಹಂಚಿಕೊಂಡರು. ಕೆಲಸ ಬಲ್ಲವರಿಬ್ಬರು ಸೇರಿದರೆ ಜಾತಿ, ವಯಸ್ಸು ಏನೂ ಅಡ್ಡ ಬರುವುದಿಲ್ಲ. ನಾನೊಬ್ಬಳೇ ಅಲ್ಲಿ ಕೆಲಸಕ್ಕೆ ಬಾರದವಳು. ಭಾಯಿ ಅದೇ ತಗಡನ್ನು ಬಗ್ಗಿಸಿ, ಡಕ್ಟಿನ ಬಾಯಿಗೆ ಗಿಡ್ಡನೆಯ ಟೊಪ್ಪಿಗೆ ಮಾಡಿ ಕೂರಿಸಿದರು. ಅದರ ಬೆನ್ನು ಗಾಳಿ ಬರುವ ಕಡೆಗೆ, ಬಾಯಿ ಗಾಳಿ ಹೋಗುವ ಕಡೆಗೆ. ಬೀಸುವ ಗಾಳಿ ಒಳಗೆ ನುಗ್ಗದೆ, ಮೇಲಿಂದ ಹಾಯುತ್ತಾ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದಂತೆ. ಬೆಳಗಿನಿಂದ ಆರಿಬಿದ್ದಿದ್ದ ಕೆಂಡದ ಬುಟ್ಟಿಯನ್ನು ಅವ್ವ ತಾನೇ ಎತ್ತಿ ಹೊರಗಿಟ್ಟಳು. ನೆರಳಿನ ಕಡೆಯ ಬಾಲ್ಕನಿಗೆ ಗೋಣಿತಟ್ಟು ತೊಯಿಸಿ ಇಳಿಬಿಟ್ಟು, ಒಳಖೋಲಿಯ ಬಾಗಿಲನ್ನು ಒಂದು ಗೇಣು ತೆರೆದಳು. ಗಾಳಿ ತಣ್ಣಗಾಗಿ ನೆಲ ಸವರಿಕೊಂಡು ಬರಬೇಕು, ಬಾಣಂತಿಯ ಕಿವಿಗೆ ನೇರ ಬಡಿಯಬಾರದು. ತಲೆಗೆ ಕಟ್ಟಿದ ಬಟ್ಟೆಯ ವಿಷಯದಲ್ಲಿ ಮಾತ್ರ ಅವ್ವ ಒಂದಿಷ್ಟೂ ಸೋಲಲಿಲ್ಲ.

ಕೊನೆಗೆ ಒಂದು ಚಿಟಿಕೆ ಲೋಬಾನ ಹಾಕಿ ಹೊಗೆ ಎಬ್ಬಿಸಿದಳು. ಹನ್ನೆರಡು ದಿನ ಆ ಹೊಗೆ ಖೋಲಿಯಲ್ಲೇ ಕೌದಿ ಹೊದ್ದಂತೆ ಕೂತಿರುತ್ತಿತ್ತು. ಈಗ ಅದು ಒಂದು ಕ್ಷಣ ತಡವರಿಸಿತು, ಆಮೇಲೆ ಎಳೆಯಾಗಿ ಮೇಲೆದ್ದು, ಸೀದಾ ಕಿಂಡಿಯ ಕಡೆ ನಡೆದು ಮಾಯವಾಯಿತು.

"ಹೋತು ನೋಡಬೇ!" ಎಂದು ಅವ್ವ ಚಪ್ಪಾಳೆ ಹೊಡೆದಳು. "ಈಗ ಇದು ಖೋಲಿ ಆತು. ನಿನ್ನಿತನಾ ಒಲಿ ಇತ್ತ."

ಸಂಜೆಯಾಗುವ ಹೊತ್ತಿಗೆ ಖೋಲಿಯ ಬಿಗಿ ಸಡಿಲಾಗಿತ್ತು. ದವಾಖಾನೆಯಷ್ಟು ತಂಪೇನಲ್ಲ, ಆದರೆ ಉಸಿರಾಡಬಹುದಿತ್ತು. ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಕೂಸು ಕಣ್ಣು ಬಿಟ್ಟಿತು, ಬಾಯಿ ತಡಕಾಡಿತು, ಮೊಲೆ ಹಿಡಿಯಿತು. ಅದು ಚಪ್ಪರಿಸುವ ಸದ್ದು ಕೇಳುತ್ತಾ ನಾವು ಮೂರು ತಲೆಮಾರಿನ ಹೆಂಗಸರು ಕೂತಿದ್ದೆವು. ಮೊಲೆ ಬದಲಿಸುವಷ್ಟರಲ್ಲಿ ಹಸಿವು ತಡೆಯದೆ ಕೂಸು ಒಂದು ಸಲ ಜೋರಾಗಿ ಚೀರಿತು. ಹಾಗೆ ಚೀರಿದ್ದು ಕೇಳಿ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಮರುದಿನ ಡಾಕ್ಟರಮ್ಮ ಮುಟ್ಟಿ ನೋಡಿ, ತೂಗಿ ನೋಡಿ, "ಇನ್ನ ಹೆದರಬ್ಯಾಡ್ರಿ" ಎಂದರು.

ಮೂರನೆಯ ದಿನ ಅವ್ವ ಬಾಣಂತಿಗೆಂದು ಮಾಡಿದ ಅಂಟಿನುಂಡಿ ಡಬ್ಬಿಯಲ್ಲಿಟ್ಟುಕೊಂಡು ಕೆಳಗೆ ಹೋದೆ. ಒಂದೇ ಕಟ್ಟಡದಲ್ಲಿ ಇದ್ದು ಒಂಬತ್ತು ವರ್ಷ, ಆ ಮನೆಯ ಹೊಸ್ತಿಲು ದಾಟಿದ್ದು ಅಂದೇ ಮೊದಲು. ಭಾಯಿ ಅಂಗಡಿಗೆ ಹೋಗಿದ್ದರು. ಅವರ ಹೆಂಡತಿ ಅಡುಗೆಮನೆಯಲ್ಲಿದ್ದರು, ನಾನು ಅಲ್ಲಿಗೇ ಹೋಗಿ ನಿಂತೆ. ಎರಡು ಹೆಜ್ಜೆ ಅಗಲದ ಜಾಗ. ಡಕ್ಟಿನ ಕಿಂಡಿ ಬಿಟ್ಟರೆ ಬೇರೆ ಕಿಡಕಿಯಿಲ್ಲ. ಛತ್ತು ಕಾಡಿಗೆ ಬಳಿದಂತೆ ಕಪ್ಪಾಗಿತ್ತು, ಗೋಡೆಯ ಬಣ್ಣ ಬೊಕ್ಕೆಯೆದ್ದು ಉದುರಿತ್ತು. ಐದು ಬೇಸಿಗೆಯ ಹೊಗೆ, ಕಾವು ಎಲ್ಲ ಅಲ್ಲೇ ಕೂತಿತ್ತು. ಅವರ ಮುಂಗೈಗಳ ಮೇಲೆ, ನನ್ನ ಮೊಮ್ಮಗಳ ಮೈಮೇಲೆ ಎದ್ದಿದ್ದಂಥವೇ ಗುಳ್ಳೆಗಳ ಹಳೆ ಕಲೆ.

"ಈಗ ಚಲೋ ಆಗೇತ್ರಿ ಅಕ್ಕಾರ. ಹೊಗಿ ನಿಲ್ಲೂದ ಇಲ್ಲ. ಕುಂಡ್ರಿ, ಚಾ ಮಾಡ್ತೀನಿ" ಎಂದು ಅವರು ಸ್ಟೂಲು ಸರಿಸಿದರು. "ಕೂಸು ಹಾಲು ಕುಡ್ಯಾಕತ್ತೈತೇನ್ರಿ? ಮೊನ್ನೆ ಚೀರೂದು ಇಲ್ಲೀತನಾ ಕೇಳಿಸ್ತು. ಭಾಳ ಚಲೋ ಅನಿಸ್ತು."

ನಾನು ಅವರ ಕೈಯನ್ನೇ ನೋಡುತ್ತಿದ್ದೆ. "ಭಾಬಿ, ಐದು ವರ್ಷ ಹಿಂಗ ಬೆಂದೀರಿ. ಬಂದು ನನಗ ಒಂದ ಮಾತು ಹೇಳಬಾರದಿತ್ತೇನು?"

ಅವರು ಚಹಾ ಸೋಸುತ್ತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಹೇಳಾಕಂತನ ಕುಂತಿದ್ನಿರಿ ಅವತ್ತು, ಮೆಟ್ಟಲ ಮ್ಯಾಲ. ನೀವು ಪ್ಯಾಟಿಯಿಂದ ಬರೂದನ್ನ ಕಾಯ್ಕೋತ."

ಕಪ್ಪು ಬಸಿ ನನ್ನ ಕೈಗಿಟ್ಟರು. ಚಹಾ ಸುಡುತ್ತಿತ್ತು. ಕಿಂಡಿಯಿಂದ ಮೇಲಿನ ಮನೆಯಲ್ಲಿ ಅವ್ವ ಕೂಸಿಗೆ ಜೋಗುಳ ಹಾಡುವುದು ಸ್ಪಷ್ಟವಾಗಿ ಇಳಿದು ಬರುತ್ತಿತ್ತು. ನಾನು ಸೆರಗಿನಿಂದ ಮೂಗು ಒರೆಸಿಕೊಂಡು, ಅವರು ಕೊಟ್ಟ ಚಹಾ ಕುಡಿದೆ.